ಡಿಎಲ್ ಬಂತು, ಪಕ್ಕದ ಸೀಟು ಖಾಲಿ: ದಾವಣಗೆರೆಯಲ್ಲಿ ಮೊದಲ ಸಲ ಒಬ್ಬರೇ ಕಾರು ಓಡಿಸುವುದು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂತು ಕಲಿಸುವವರ ಕಾಲ ಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಕಲಿಯುವವರು ಅವನ್ನು ನೋಡಿರುತ್ತಾರೆ, ಆದರೆ ಅವು ಎಷ್ಟು ಸಲ ಕೆಲಸ ಮಾಡಿದವು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಸರ್ಕಲ್ಲಿನಲ್ಲಿ ಗಾಡಿ ಆಫ್ ಆಗದೆ ನಿಂತದ್ದು, ಹಂಪ್ ಮೆತ್ತಗೆ ಹತ್ತಿ ಇಳಿದದ್ದು, ಅಡ್ಡ ಬಂದ ಸ್ಕೂಟಿಗೆ ತಾಗದೆ ಉಳಿದದ್ದು, ಇವುಗಳಲ್ಲಿ ಒಂದಷ್ಟು ಪಾಲು ಕಲಿಸುವವರ ಕಾಲಿನದು. ಇನ್ನೊಂದಷ್ಟು ಅವರ ಕಣ್ಣಿನದು. ಎಡಗಡೆಯ ಕನ್ನಡಿಯನ್ನು ಅಷ್ಟು ದಿನ ನೋಡುತ್ತಿದ್ದವರು ಅವರೇ.

ಹಾಗಾಗಿ ಒಬ್ಬರೇ ಹೊರಟಾಗ ಹೊಸದಾಗಿ ಕಲಿಯಬೇಕಾದದ್ದು ಗೇರು, ಸ್ಟೇರಿಂಗ್ ಅಲ್ಲ, ಎಡಗಡೆ. ನಮ್ಮ ರಸ್ತೆಗಳಲ್ಲಿ ಬೈಕು, ಸೈಕಲ್ಲು, ಆಟೋ ನುಗ್ಗುವುದು ಹೆಚ್ಚಾಗಿ ಆ ಕಡೆಯಿಂದ. ನೀವು ಕೂತಿರುವುದು ಬಲಗಡೆ. ಮೊದಲ ಕೆಲವು ವಾರ ಯಾವ ಹೊತ್ತಿಗೆ ಹೊರಡಬೇಕು, ಯಾವ ರಸ್ತೆ ಹಿಡಿಯಬೇಕು, ಯಾರನ್ನು ಕೂರಿಸಿಕೊಳ್ಳಬೇಕು ಅನ್ನುವುದನ್ನೆಲ್ಲ ಒಂದೇ ಲೆಕ್ಕದಲ್ಲಿ ತೀರ್ಮಾನಿಸಿ: ಎಡಗಡೆ ನೋಡುವುದಕ್ಕೆ ಕಣ್ಣಿಗೂ ಮನಸ್ಸಿಗೂ ಬಿಡುವು ಸಿಗಬೇಕು.

ಕಾಗದ ಪತ್ರ

ಟೆಸ್ಟ್ ಪಾಸಾದ ಸಂಜೆಯೇ ಒಬ್ಬರೇ ಹೊರಡಬೇಡಿ. ಡಿಎಲ್ ಮಂಜೂರಾಗಿ ನಂಬರ್ ಬರುವವರೆಗೆ ನಿಮ್ಮ ಕೈಯಲ್ಲಿರುವುದು ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್ ಮಾತ್ರ. ಎಲ್‌ಎಲ್ ಇದ್ದವರ ಪಕ್ಕದಲ್ಲಿ ಡಿಎಲ್ ಇರುವ, ಗಾಡಿ ನಿಲ್ಲಿಸಬಲ್ಲ ಜಾಗದಲ್ಲಿ ಕೂತಿರುವ ಒಬ್ಬರು ಇರಲೇಬೇಕು. ಕಾರ್ಡು ಅಂಚೆಯಲ್ಲಿ ಬರುವುದು ತಡವಾದರೆ ತೊಂದರೆಯಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಡಿಎಲ್, ಆರ್‌ಸಿ ಕಾಣಿಸಿದರೆ ಅದು ಅಸಲಿ ಕಾರ್ಡಿಗೆ ಸಮ. ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟಿನ ಕೊನೇ ದಿನಾಂಕ ನೋಡಿಕೊಳ್ಳಿ. ಮನೆಯ ಹಳೇ ಕಾರಾದರೆ ಎಮಿಷನ್ ಮುಗಿದುಹೋಗಿರುವುದು ಸಾಮಾನ್ಯ.

ಹಿಂದಿನ ಗಾಜಿಗೆ ಕೆಂಪು ‘ಎಲ್’ ಅಂಟಿಸಿದ್ದರೆ ಡಿಎಲ್ ಬಂದ ಮೇಲೆ ತೆಗೆಯಿರಿ. ಅದರ ಬದಲು ‘ಹೊಸ ಚಾಲಕರು’ ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆದ ಒಂದು ಹಾಳೆ ಅಂಟಿಸುವುದು ಒಳ್ಳೆಯದು. ಕಾನೂನು ಕೇಳುವುದಿಲ್ಲ, ಆದರೆ ಗಾಡಿ ಆಫ್ ಆದಾಗ ಹಿಂದಿನವರು ಸ್ವಲ್ಪ ಕಾಯುತ್ತಾರೆ. ಅಂಟಿಸುವಾಗ ನಡುವಿನ ಕನ್ನಡಿಗೆ ಅಡ್ಡ ಬರದಂತೆ ಗಾಜಿನ ಕೆಳಮೂಲೆ ನೋಡಿ ಅಂಟಿಸಿ.

ಹಿಂದಿನ ಸಂಜೆ ಮಾಡಿಟ್ಟುಕೊಳ್ಳುವ ಕೆಲಸ

ಮನೆಯಲ್ಲಿ ಡ್ರೈವಿಂಗ್ ಬರುವವರು ಇದ್ದರೆ ಅವರ ಕೈಯಲ್ಲಿ ಸಂಜೆಯೇ ಕಾರನ್ನು ರಿವರ್ಸ್‌ನಲ್ಲಿ ಹಾಕಿಸಿ, ಮೂತಿ ರಸ್ತೆಗೆ ಇರುವಂತೆ ನಿಲ್ಲಿಸಿಕೊಳ್ಳಿ. ಮೊದಲ ದಿನ ಅರ್ಧ ಧೈರ್ಯ ಖರ್ಚಾಗುವುದು ಗೇಟಿನಿಂದ ಹಿಮ್ಮುಖವಾಗಿ ರಸ್ತೆಗೆ ಇಳಿಯುವುದರಲ್ಲಿ. ಅದೊಂದು ಇಲ್ಲದಿದ್ದರೆ ಬೆಳಿಗ್ಗೆ ಕೂತು, ಬೆಲ್ಟ್ ಹಾಕಿ, ನೇರ ಹೊರಡಬಹುದು.

ಆಮೇಲೆ ಒಬ್ಬರೇ ಕಾರಿನಲ್ಲಿ ಕೂತು ಸೀಟು ಸರಿಮಾಡಿ. ಕ್ಲಚ್ ಪೂರ್ತಿ ತುಳಿದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು. ಕಾಲು ನೆಟ್ಟಗೆ ಚಾಚಿದರೆ ಸೀಟು ಹಿಂದೆ ಇದೆ, ಕ್ಲಚ್ ಅರ್ಧಕ್ಕೇ ನಿಲ್ಲುತ್ತದೆ, ಗೇರು ಕರಕರ ಅನ್ನುತ್ತದೆ. ಬೆನ್ನು ಸೀಟಿಗೆ ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿಗೆ ತಾಗಬೇಕು. ಕುಳ್ಳಗಿದ್ದವರು ಸೀಟನ್ನು ಮುಂದಕ್ಕೆ ಎಳೆದು ಸುಮ್ಮನಾಗುತ್ತಾರೆ. ಎತ್ತರಿಸುವ ಲಿವರ್ ಇದ್ದರೆ ಮೊದಲು ಎತ್ತರಿಸಿ, ಆಮೇಲೆ ಮುಂದಕ್ಕೆ ತನ್ನಿ. ಬಾನೆಟ್ಟಿನ ಅಂಚು ಒಂದಿಷ್ಟಾದರೂ ಕಂಡರೆ ಅಂದಾಜು ಸುಲಭ.

ನಡುವಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಪಕ್ಕದ ಕನ್ನಡಿಗಳಲ್ಲಿ ನಿಮ್ಮದೇ ಕಾರಿನ ಮೈ ಒಳ ಅಂಚಿನಲ್ಲಿ ಒಂದು ಸಣ್ಣ ಪಟ್ಟಿಯಷ್ಟು ಕಂಡರೆ ಸಾಕು. ಅರ್ಧ ಕನ್ನಡಿ ತುಂಬ ಸ್ವಂತ ಬಾಗಿಲೇ ಕಾಣುತ್ತಿದ್ದರೆ ಬೈಕ್ ಬರುವ ಜಾಗ ಅದರಲ್ಲಿ ಇಲ್ಲ ಅಂತಲೇ ಅರ್ಥ. ಎಡ ಕನ್ನಡಿಯನ್ನು ಕೂತಲ್ಲಿಂದ ತಿರುಗಿಸಲು ಆಗದ ಕಾರಾದರೆ ಇನ್ನೊಬ್ಬರು ಹೊರಗೆ ನಿಂತು ತಿರುಗಿಸಲಿ, ನೀವು ಸೀಟಿನಿಂದ ಕದಲದೆ ಹೇಳಿ. ಆಮೇಲೆ ಅವರನ್ನು ಕಾರಿನ ಎಡಬದಿಯಲ್ಲಿ ಹಿಂದಿನಿಂದ ಮುಂದಕ್ಕೆ ನಿಧಾನ ನಡೆದು ಬರಲು ಹೇಳಿ, ಕನ್ನಡಿಯಲ್ಲೇ ಅವರನ್ನು ನೋಡುತ್ತಿರಿ. ಹಿಂಬಾಗಿಲ ಹತ್ತಿರ ಅವರು ಕನ್ನಡಿಯಿಂದ ಮಾಯವಾಗುತ್ತಾರೆ, ಕಣ್ಣಂಚಿಗೂ ಇನ್ನೂ ಸಿಕ್ಕಿರುವುದಿಲ್ಲ. ಒಂದು ಇಡೀ ಸ್ಕೂಟರ್ ಅಡಗುವಷ್ಟು ಜಾಗ ಅದು. ತಿರುಗುವ ಮೊದಲು ಭುಜದ ಮೇಲಿಂದ ಒಮ್ಮೆ ನೋಡಬೇಕು ಅನ್ನುವುದು ಅದಕ್ಕೇ.

ಟೈರಿನ ಗಾಳಿ ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ. ಟೈರ್ ತಣ್ಣಗಿರುವಾಗಲೇ ಅಳೆಸಿ. ಸ್ಟೆಪ್ನಿಗೂ ಗಾಳಿ ನೋಡಿಸಿ.

ಕೊನೆಯದಾಗಿ ಕಾಲ ಬುಡ. ಮ್ಯಾಟ್ ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಳ್ಳುತ್ತದೆಯೋ ನೋಡಿ. ನೀರಿನ ಬಾಟಲಿ ಡ್ರೈವರ್ ಸೀಟಿನ ಕೆಳಗಾಗಲೀ ಹಿಂದಾಗಲೀ ಬೇಡವೇ ಬೇಡ. ಅದು ಉರುಳಿ ಬ್ರೇಕ್ ಪೆಡಲಿನ ಅಡಿ ಸೇರಿದರೆ ಬ್ರೇಕ್ ಒತ್ತಲು ಆಗುವುದಿಲ್ಲ. ಹವಾಯಿ ಚಪ್ಪಲಿಯೂ ಬೇಡ, ಅದರ ತುದಿ ಪೆಡಲಿಗೆ ಸಿಕ್ಕಿ ಮಡಚುತ್ತದೆ. ತೆಳು ಅಟ್ಟೆಯ ಶೂ ಅಥವಾ ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ.

ಆ ಕಾರಿನ ಕ್ಲಚ್ ಎಲ್ಲಿ ಹಿಡಿಯುತ್ತದೆ

ಹೊಸಬರ ಗಾಡಿ ಆಫ್ ಆಗುವುದಕ್ಕೆ ಮುಖ್ಯ ಕಾರಣ ಅವರ ದಡ್ಡತನ ಅಲ್ಲ, ಕಾರು ಬದಲಾದದ್ದು. ಸ್ಕೂಲಿನ ಕಾರಿನ ಕ್ಲಚ್ ದಿನವೆಲ್ಲ ಸವೆದು ತೀರಾ ಮೇಲೆ ಬಂದ ಮೇಲೆ ಹಿಡಿಯುತ್ತಿರುತ್ತದೆ. ಮನೆಯ ಕಾರಿನದು ಕೆಳಗೇ ಹಿಡಿಯಬಹುದು. ಡೀಸೆಲ್ ಕಾರು ಆಕ್ಸಿಲರೇಟರ್ ಮುಟ್ಟದೆಯೂ ಹೊರಡುತ್ತದೆ, ಸಣ್ಣ ಪೆಟ್ರೋಲ್ ಕಾರು ಅಷ್ಟು ಸಹಿಸುವುದಿಲ್ಲ.

ಖಾಲಿ, ಸಮತಟ್ಟು ಜಾಗದಲ್ಲಿ ಹೀಗೆ ಮಾಡಿ. ಬ್ರೇಕ್ ಮೇಲೆ ಬಲಗಾಲು, ಕ್ಲಚ್ ಪೂರ್ತಿ ಒಳಗೆ, ಫಸ್ಟ್ ಗೇರ್. ಮುಂದೆ ಯಾರೂ ಇಲ್ಲ ಅಂತ ಖಚಿತವಾದ ಮೇಲೆ ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ, ಹಿಮ್ಮಡಿ ನೆಲಕ್ಕೆ ಊರಿಕೊಂಡು ಕ್ಲಚ್ಚನ್ನು ಕೂದಲೆಳೆಯಷ್ಟೇ ಮೇಲಕ್ಕೆ ಬಿಡುತ್ತ ಬನ್ನಿ. ಇಂಜಿನ್ ಸದ್ದು ಸ್ವಲ್ಪ ಇಳಿಯುತ್ತದೆ, ಸ್ಟೇರಿಂಗ್ ನಡುಗುತ್ತದೆ, ಗಾಡಿ ತೆವಳಲು ಶುರುಮಾಡುತ್ತದೆ. ಅಲ್ಲೇ ಕಾಲು ನಿಲ್ಲಿಸಿ. ಹಾಫ್ ಕ್ಲಚ್ ಅನ್ನುವುದು ಆ ಜಾಗ. ಗಾಡಿ ಎರಡು ಮೀಟರ್ ಉರುಳುವವರೆಗೆ ಕಾಲನ್ನು ಅಲ್ಲೇ ಇಟ್ಟು ಆಮೇಲೆ ಪೂರ್ತಿ ಬಿಡಿ. ಹತ್ತು ಹದಿನೈದು ಸಲ ಹೀಗೆ ಮಾಡಿದರೆ ಕಾಲಿಗೆ ನೆನಪಾಗುತ್ತದೆ. ಆಮೇಲೆ ಆಕ್ಸಿಲರೇಟರ್ ಸೇರಿಸಿ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ತೋರಿಸುವ ಮೀಟರಿನಲ್ಲಿ 1,200ರಿಂದ 1,500 ಆರ್‌ಪಿಎಂ ದಾಟಬೇಕಾಗಿಲ್ಲ. ಅದಕ್ಕಿಂತ ಹೆಚ್ಚು ಒತ್ತಿ ಹಾಫ್ ಕ್ಲಚ್‌ನಲ್ಲೇ ನಿಂತರೆ ಸುಟ್ಟ ವಾಸನೆ ಬರುತ್ತದೆ. ವಾಸನೆ ಬಂದರೆ ನ್ಯೂಟ್ರಲ್ ಮಾಡಿ ಐದು ನಿಮಿಷ ಬಿಟ್ಟುಬಿಡಿ.

ರಸ್ತೆಯ ನಡುವೆ ಗಾಡಿ ಆಫ್ ಆದರೆ ಕ್ರಮ ಒಂದೇ: ಬ್ರೇಕ್ ಒತ್ತಿ, ಕ್ಲಚ್ ಒತ್ತಿ, ನ್ಯೂಟ್ರಲ್, ಸ್ಟಾರ್ಟ್, ಫಸ್ಟ್, ಕನ್ನಡಿ, ಹೊರಡಿ. ಗಾಬರಿಯಲ್ಲಿ ಬಿಟ್ಟುಹೋಗುವುದು ಎರಡು. ಒಂದು, ಕ್ಲಚ್ ಒತ್ತದೆ ಕೀ ತಿರುಗಿಸುವುದು. ಎಷ್ಟೋ ಕಾರು ಹಾಗೆ ಸ್ಟಾರ್ಟೇ ಆಗುವುದಿಲ್ಲ, ಸ್ಟಾರ್ಟ್ ಆಗುವ ಹಳೇ ಕಾರು ಮುಂದಕ್ಕೆ ಹಾರುತ್ತದೆ. ಎರಡು, ಥರ್ಡ್ ಗೇರಿನಲ್ಲಿ ಆಫ್ ಆಗಿದ್ದನ್ನು ಮರೆತು ಅದೇ ಗೇರಿನಲ್ಲಿ ಹೊರಡಲು ನೋಡುವುದು. ನ್ಯೂಟ್ರಲ್ ಮಾಡಿ ಅಂದದ್ದು ಅದಕ್ಕೆ. ಹಿಂದೆ ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ, ಹತ್ತು ಸೆಕೆಂಡಿನ ಕೆಲಸ, ಕ್ರಮ ಬಿಡಬೇಡಿ.

ಏರಿನಲ್ಲಿ ನಿಂತು ಹೊರಡುವುದು ದಾವಣಗೆರೆಯವರಿಗೆ ನಿಜವಾಗಿ ಕಷ್ಟ, ಯಾಕಂದರೆ ಊರು ಬಹುಪಾಲು ಸಮತಟ್ಟು, ಅಭ್ಯಾಸಕ್ಕೆ ಏರೇ ಸಿಗುವುದಿಲ್ಲ. ಚಿತ್ರದುರ್ಗದವರಿಗೆ ಈ ತಾಪತ್ರಯ ಇಲ್ಲ. ಕೋಟೆಯ ಕಡೆ ಹೋಗುವ ಬೀದಿಗಳಲ್ಲೇ ಬೇಕಾದಷ್ಟು ಏರಿದೆ. ಇಲ್ಲಿನವರು ರೈಲ್ವೆ ಮೇಲ್ಸೇತುವೆಯ ಏರಿನಲ್ಲೋ ಅಂಡರ್‌ಪಾಸಿನಿಂದ ಹತ್ತುವಾಗಲೋ ಮೊದಲ ಸಲ ಸಿಕ್ಕಿಬೀಳುತ್ತಾರೆ, ಹಿಂದೆ ಅಂಟಿಕೊಂಡು ಒಂದು ಆಟೋ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಬಲಗಾಲನ್ನು ಬ್ರೇಕಿನಿಂದ ಆಕ್ಸಿಲರೇಟರಿಗೆ ತನ್ನಿ, 1,500 ಆರ್‌ಪಿಎಂ ಇಟ್ಟುಕೊಂಡು ಕ್ಲಚ್ ಬಿಡುತ್ತ ಬನ್ನಿ. ಬಾನೆಟ್ ತುಸು ಮೇಲೆದ್ದು ಗಾಡಿ ಮುಂದಕ್ಕೆ ಜಗ್ಗುತ್ತದೆ. ಜಗ್ಗಿದ ಮೇಲೆಯೇ ಹ್ಯಾಂಡ್‌ಬ್ರೇಕ್ ಇಳಿಸಿ. ಮೊದಲೇ ಇಳಿಸಿದರೆ ಹಿಂದಕ್ಕೆ ಉರುಳುತ್ತದೆ. ಮುಂದಿನ ಗಾಡಿಯಿಂದಲೂ ಒಂದು ಕಾರಿನಷ್ಟು ದೂರ ನಿಲ್ಲಿ, ಉರುಳಿ ಬರುವವರು ಅವರೂ ಇರಬಹುದು. ಭಾನುವಾರ ಬೆಳಿಗ್ಗೆ ಖಾಲಿ ಏರಿನಲ್ಲಿ ಜೊತೆಗೊಬ್ಬರನ್ನು ಕೂರಿಸಿಕೊಂಡು ಇದನ್ನು ಕೈಗೆ ತಂದುಕೊಳ್ಳಿ, ಆಮೇಲೆ ಒಬ್ಬರೇ ಹೋಗುವ ದಾರಿಯಲ್ಲಿ ಸೇತುವೆ ಸೇರಿಸಿ.

ಯಾವಾಗ, ಯಾವ ದಾರಿ

ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ. ಶಾಲೆಯ ವ್ಯಾನಿಲ್ಲ, ಅಂಗಡಿ ತೆರೆದಿಲ್ಲ, ಬೆಳಕಿದೆ. ಮೊದಲ ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು; ಅದಕ್ಕಿಂತ ಹೆಚ್ಚಾದರೆ ದಣಿವಿನಲ್ಲೇ ತಪ್ಪಾಗುವುದು.

ದಾರಿಯನ್ನು ಎಡ ತಿರುವುಗಳಷ್ಟೇ ಇರುವ ಸುತ್ತಾಗಿ ಮಾಡಿಕೊಳ್ಳಿ. ಎಂಸಿಸಿ ‘ಬಿ’ ಬ್ಲಾಕ್, ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ, ಸರಸ್ವತಿ ನಗರದಂಥ ಬಡಾವಣೆಗಳಲ್ಲಿ ಅಡ್ಡರಸ್ತೆ, ಮುಖ್ಯರಸ್ತೆಗಳು ಚೌಕಾಕಾರವಾಗಿ ಇರುವುದರಿಂದ ನಾಲ್ಕು ಸಲ ಎಡಕ್ಕೆ ತಿರುಗಿದರೆ ಹೊರಟ ಜಾಗಕ್ಕೆ ಬರುತ್ತೀರಿ. ಎದುರು ಬರುವ ವಾಹನಗಳಿಗೆ ಅಡ್ಡ ಹೋಗುವ ಪ್ರಸಂಗವೇ ಬರುವುದಿಲ್ಲ. ಮುಂಚಿನ ದಿನ ಅದೇ ಸುತ್ತನ್ನು ಬೈಕಿನಲ್ಲೋ ನಡೆದೋ ಒಮ್ಮೆ ನೋಡಿ: ಬಣ್ಣ ಬಳಿಯದ ಹಂಪ್ ಎಲ್ಲಿ, ಚರಂಡಿ ಕಲ್ಲು ಎಲ್ಲಿ ಮೇಲೆದ್ದಿದೆ, ಯಾರು ಮರಳು ಸುರಿದಿದ್ದಾರೆ. ಕುಂದವಾಡ ಕೆರೆ ಕಡೆ ರಸ್ತೆ ಚೆನ್ನಾಗಿದೆ ಅಂತ ಅಲ್ಲಿಗೆ ಹೋಗುವ ಆಸೆ ಬೇಡ. ಬೆಳಗಿನ ಹೊತ್ತು ಅಲ್ಲಿ ವಾಕಿಂಗಿನವರು ಇರುತ್ತಾರೆ, ಜೋಡಿ ಜೋಡಿಯಾಗಿ ರಸ್ತೆಯಲ್ಲೇ ನಡೆಯುತ್ತಾರೆ.

ಸುತ್ತು ಸರಾಗವಾದ ಮೇಲೆ ಬಲ ತಿರುವು ಸೇರಿಸಿ, ಆಮೇಲೆ ಹದಡಿ ರಸ್ತೆ, ಶಾಮನೂರು ರಸ್ತೆಯಂಥ ದೊಡ್ಡ ರಸ್ತೆ, ಆಮೇಲೆ ವಿದ್ಯಾರ್ಥಿ ಭವನ, ಗುಂಡಿ ಸರ್ಕಲ್, ಜಯದೇವ ಸರ್ಕಲ್. ಪಿ.ಬಿ. ರಸ್ತೆ ಅದಕ್ಕೂ ಆಚೆಗೆ. ಹಳೇ ಪುಣೆ–ಬೆಂಗಳೂರು ಹೆದ್ದಾರಿ ಅದು, ಬಸ್ಸು ಲಾರಿಗಳ ಓಟ ಇಂದಿಗೂ ಇದೆ. ಮಂಡಿಪೇಟೆ, ಚೌಕಿಪೇಟೆ, ಕೆ.ಆರ್. ಮಾರ್ಕೆಟ್ ಸುತ್ತ, ದುಗ್ಗಮ್ಮನ ಗುಡಿ ಕಡೆಯ ಹಳೇ ಊರಿಗೆ ಕಾರಿನಲ್ಲಿ ಹೋಗುವ ಅಗತ್ಯ ಅನುಭವಸ್ಥರಿಗೂ ಇಲ್ಲ. ಟಾಟಾ ಏಸ್ ಎದುರಾದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಬೇಕು, ಹಾಗೆ ಹೋಗಬೇಕಾದವರು ನೀವೇ ಆಗಿರುತ್ತೀರಿ. ಕಾರನ್ನು ದೂರ ನಿಲ್ಲಿಸಿ ನಡೆಯಿರಿ. ಚಿತ್ರದುರ್ಗದಲ್ಲಾದರೆ ಜೆಸಿಆರ್ ಬಡಾವಣೆಯ ಒಳರಸ್ತೆಗಳಿಂದ ಶುರುಮಾಡಿ, ಬಿ.ಡಿ. ರಸ್ತೆ ಮತ್ತು ಗಾಂಧಿ ಸರ್ಕಲ್ ಕೊನೆಗೆ ಇರಲಿ.

ಜೊತೆಗೆ ಯಾರು ಅನ್ನುವುದೂ ದಾರಿಯಷ್ಟೇ ಮುಖ್ಯ. ಹಂಪ್ ಬಂದಾಗಲೆಲ್ಲ ‘ನೋಡ್ಕಳಪ್ಪ, ನೋಡ್ಕಳಪ್ಪ’ ಅಂತ ಬಾಗಿಲ ಹಿಡಿ ಹಿಡಿದುಕೊಳ್ಳುವ ಅಮ್ಮನೋ ದೊಡ್ಡಪ್ಪನೋ ಪಕ್ಕದಲ್ಲಿದ್ದರೆ ನಿಮ್ಮ ಗಮನ ರಸ್ತೆಯಿಂದ ಅವರ ಮುಖಕ್ಕೆ ಹೋಗುತ್ತದೆ. ಪ್ರೀತಿಯಿಂದಲೇ ‘ಇನ್ನೆರಡು ವಾರ ಬಿಡ್ರಿ, ಆಮೇಲೆ ಕರ್ಕೊಂಡ್ ಹೋಗ್ತೀನಿ’ ಅಂದುಬಿಡಿ. ಫೋನು ಸೈಲೆಂಟ್ ಮಾಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಇಡಿ, ಹೊರಡುವಾಗ ಮನೆಯಲ್ಲಿ ‘ಫೋನ್ ಮಾಡ್ಬೇಡಿ, ನಾನೇ ಮಾಡ್ತೀನಿ’ ಅಂತ ಹೇಳಿ. ಹಾಡೂ ಬೇಡ. ಇಂಜಿನ್ ಸದ್ದು ಕೇಳಿಯೇ ಗೇರ್ ಯಾವಾಗ ಬದಲಿಸಬೇಕು ಅನ್ನುವುದು ತಿಳಿಯಬೇಕು.

ಹೊರಡುವ ಮುನ್ನ ಕಾರಿನ ಸುತ್ತ ಒಂದು ಸುತ್ತು ನಡೆದು, ಬಗ್ಗಿ ಅಡಿಯಲ್ಲೂ ನೋಡಿ. ನೆರಳಿಗೆ ನಾಯಿಮರಿ, ಬೆಚ್ಚಗಿರುವ ಟೈರಿನ ಮೇಲೆ ಬೆಕ್ಕು ಮಲಗಿರುತ್ತವೆ.

ಎಡಗಡೆ

ಎಡಕ್ಕೆ ತಿರುಗಬೇಕಾದರೆ ಮೂವತ್ತು ಮೀಟರ್ ಮುಂಚೆ ನಡುವಿನ ಕನ್ನಡಿ, ಎಡಗನ್ನಡಿ, ಆಮೇಲೆ ಇಂಡಿಕೇಟರ್. ಇಂಡಿಕೇಟರ್ ಹಾಕಿದೊಡನೆ ತಿರುಗುವುದಲ್ಲ. ಮೂರು ನಾಲ್ಕು ಸಲ ಮಿನುಗಲಿ, ಹಿಂದಿನವರು ಓದಿಕೊಳ್ಳಲಿ. ಅಷ್ಟರಲ್ಲಿ ಕಾರನ್ನು ನಿಧಾನವಾಗಿ ಎಡ ಅಂಚಿಗೆ ತನ್ನಿ. ಎಡಕ್ಕೆ ಒಂದು ಬೈಕಿನಷ್ಟು ಜಾಗ ಬಿಟ್ಟರೆ ಅಲ್ಲಿ ಬೈಕ್ ಬಂದೇ ಬರುತ್ತದೆ. ಇಂಡಿಕೇಟರ್ ನೋಡಿ ನಿಲ್ಲುವವರಿಗಿಂತ ಸಂದು ನೋಡಿ ನುಗ್ಗುವವರು ಹೆಚ್ಚು. ಸೆಕೆಂಡ್ ಗೇರ್, ಭುಜದ ಮೇಲಿಂದ ಒಂದು ನೋಟ, ಆಮೇಲೆ ತಿರುವು. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಹೋಗುತ್ತದೆ. ಅದಕ್ಕೆ ಮೂಲೆಯ ಕಂಬವೋ ಕಲ್ಲೋ ನಿಮ್ಮ ಎಡ ಕನ್ನಡಿಯ ಸಮಕ್ಕೆ ಬಂದ ಮೇಲೆ ತಿರುಗಿಸಲು ಶುರುಮಾಡಿ. ಹೊಸಬರ ಕಾರಿನ ಎಡ ಹಿಂಬಾಗಿಲ ಗೀರುಗಳು ಹೆಚ್ಚಾಗಿ ಆತುರಕ್ಕೆ ಮುಂಚೆ ತಿರುಗಿಸಿದ್ದರಿಂದ ಆದವು.

ಆಟೋ ಯಾವಾಗ ನಿಲ್ಲುತ್ತದೆ ಅಂತ ಆಟೋ ನೋಡಿದರೆ ಗೊತ್ತಾಗುವುದಿಲ್ಲ. ಅದರ ಮುಂದೆ ರಸ್ತೆ ಬದಿಯಲ್ಲಿ ಕೈಯೆತ್ತಿ ನಿಂತವರನ್ನು ನೋಡಿ. ಜನ ಇದ್ದಾರೆ ಅಂದರೆ ಆಟೋ ನಿಲ್ಲುತ್ತದೆ ಅಂತಲೇ ಲೆಕ್ಕ. ನಿಂತ ಬಸ್ಸಿನ ಎಡಗಡೆಯಿಂದ ಯಾವತ್ತೂ ನುಸುಳಬೇಡಿ, ಇಳಿಯುವವರು ನಿಮ್ಮ ಬಾನೆಟ್ಟಿನ ಮೇಲೇ ಇಳಿಯುತ್ತಾರೆ. ಬಲಗಡೆಯಿಂದ ದಾಟುವಾಗಲೂ ಬಸ್ಸಿನ ಮೂತಿಯ ಮುಂದಿನಿಂದ ಯಾರೋ ಓಡಿ ಬರುತ್ತಾರೆ ಅಂದುಕೊಂಡೇ ದಾಟಿ.

ಸರ್ಕಲ್ಲಿನಲ್ಲಿ ಒಳಗೆ ಸುತ್ತುತ್ತಿರುವವರಿಗೆ ಮೊದಲ ಹಕ್ಕು. ಅವರು ಬರುವುದು ನಿಮ್ಮ ಬಲಗಡೆಯಿಂದ, ಹಾಗಾಗಿ ಒಳಹೋಗುವವರೆಗೆ ಕಣ್ಣು ಬಲಕ್ಕೆ, ಹೊರಬರುವಾಗ ಕಣ್ಣು ಎಡಕ್ಕೆ. ಹೋಗಬೇಕಾದ ರಸ್ತೆ ತಪ್ಪಿದರೆ ಇನ್ನೊಂದು ಸುತ್ತು ಹಾಕಿ, ನಡುವೆ ನಿಲ್ಲಬೇಡಿ.

ಬಲಕ್ಕೆ ತಿರುಗಲು ರಸ್ತೆ ನಡುವೆ ಕಾಯುವಾಗ ಚಕ್ರಗಳು ನೆಟ್ಟಗಿರಲಿ. ಮೊದಲೇ ಸ್ಟೇರಿಂಗ್ ಬಲಕ್ಕೆ ತಿರುಗಿಸಿ ನಿಂತಿದ್ದಾಗ ಹಿಂದಿನಿಂದ ಯಾರಾದರೂ ಗುದ್ದಿದರೆ ಕಾರು ಎದುರಿನಿಂದ ಬರುವವರ ಮುಂದೆ ಹೋಗಿ ನಿಲ್ಲುತ್ತದೆ.

ಹಂಪ್ ಹತ್ತುವ ಮೊದಲೇ ಬ್ರೇಕ್ ಹಿಡಿದು ಸೆಕೆಂಡ್ ಗೇರಿಗೆ ಬನ್ನಿ, ಚಕ್ರ ಹಂಪಿಗೆ ತಾಗುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಹಿಡಿದೇ ಹತ್ತಿಸಿದರೆ ಮೂತಿ ತಗ್ಗಿ ಅಡಿಭಾಗ ಉಜ್ಜುತ್ತದೆ. ರೈಲ್ವೆ ಗೇಟಿನಲ್ಲಿ ಹಳಿಯ ಆಚೆ ನಿಮ್ಮ ಇಡೀ ಕಾರಿಗೆ ಜಾಗ ಕಾಣುವವರೆಗೆ ಈಚೆಯೇ ನಿಲ್ಲಿ, ಫಸ್ಟ್ ಗೇರಿನಲ್ಲೇ ಪೂರ್ತಿ ದಾಟಿ. ಹಳಿಯ ಮೇಲೆ ಗೇರ್ ಬದಲಿಸುವುದು ಬೇಡ.

ನಿಲ್ಲಿಸುವುದಕ್ಕೆ ಬೇಕಾದ ದೂರ

ಒಣ ಡಾಂಬರು, ಒಳ್ಳೆಯ ಟೈರು ಇದ್ದು ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ, ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ 8 ಮೀಟರ್ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನು ಐದಾರು ಮೀಟರ್. 60ರಲ್ಲಿ ಆ ಸೆಕೆಂಡಿಗೆ 17 ಮೀಟರ್, ಬ್ರೇಕಿಗೆ 20ಕ್ಕೂ ಹೆಚ್ಚು. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟು. ಬಡಾವಣೆಯಲ್ಲಿ 30, ದೊಡ್ಡ ರಸ್ತೆಯಲ್ಲಿ 40 ದಾಟಬೇಡಿ ಅನ್ನುವುದು ಈ ಲೆಕ್ಕದಿಂದ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ತಲುಪಲು ಎರಡು ಸೆಕೆಂಡಾದರೂ ಆಗಬೇಕು, ಮಳೆಯಲ್ಲಿ ನಾಲ್ಕು.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಮೆಕ್ಕೆಜೋಳದ ಕೊಯ್ಲಿನ ಕಾಲದಲ್ಲಿ, ದಸರಾ ದೀಪಾವಳಿಯಿಂದ ಆಚೆಗೆ, ಹಳ್ಳಿ ರಸ್ತೆಗಳ ಒಂದು ಬದಿಗೆ ಜೋಳ ಒಣಹಾಕಿರುತ್ತಾರೆ. ಡಾಂಬರಿನ ಮೇಲೆ ಚೆಲ್ಲಿದ ಕಾಳು ಟೈರಿನ ಕೆಳಗೆ ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ. ಬ್ರೇಕ್ ಒತ್ತಿದರೂ ಕಾರು ಜಾರುತ್ತಲೇ ಹೋಗುತ್ತದೆ. ರಾಶಿ ಕಂಡ ಕೂಡಲೇ, ಕಾಳಿನ ಮೇಲೆ ಹೋಗುವುದಕ್ಕೆ ಮೊದಲೇ ವೇಗ ಇಳಿಸಿ. ಕಾಳಿನ ಮೇಲೆ ಸ್ಟೇರಿಂಗ್ ಜಗ್ಗಬೇಡಿ, ಜೋರಾಗಿ ಬ್ರೇಕ್ ಹಾಕಬೇಡಿ. ರಾಶಿಗೆ ಕಾವಲಾಗಿ ಅಂಚಿಗೆ ದಪ್ಪ ಕಲ್ಲು ಇಟ್ಟಿರುತ್ತಾರೆ, ಕತ್ತಲಲ್ಲಿ ಅವು ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ಹೊಸಬರು ಸಂಜೆ ಮೇಲೆ ಹಳ್ಳಿ ರಸ್ತೆ ಹಿಡಿಯಬಾರದು. ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಟ್ರೈಲರ್ ಒಂದೇ ಅಂದುಕೊಳ್ಳಬೇಡಿ, ಹಿಂದೆ ಎರಡನೆಯದು ಇರುತ್ತದೆ, ಹಿಂದೀಪ ಇರುವುದಿಲ್ಲ. ಭದ್ರಾ ಕಾಲುವೆಯ ಏರಿ ಮೇಲಿನ ದಾರಿ ಹತ್ತಿರ ಅಂತ ಹೋಗಬೇಡಿ; ಎಷ್ಟೋ ಕಡೆ ತಡೆಗೋಡೆ ಇಲ್ಲ, ಎದುರು ಗಾಡಿ ಬಂದರೆ ಹಿಂದಕ್ಕೆ ಹೋಗಲೂ ಜಾಗ ಇಲ್ಲ.

ನಿಲ್ಲಿಸಿ ಇಳಿಯುವಾಗ

ದೋಸೆ ಹೋಟೆಲಿನ ಎದುರೇ ಜಾಗ ಹುಡುಕಬೇಡಿ. ನೂರು ಹೆಜ್ಜೆ ಆಚೆ, ಮುಂದಕ್ಕೇ ಹೋಗಿ ಹೊರಬರಬಹುದಾದ ಜಾಗದಲ್ಲಿ ನಿಲ್ಲಿಸಿ. ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಇಂಜಿನ್ ಆಫ್, ಆಮೇಲೆ ಗೇರ್: ಮೂತಿ ಏರಿನ ಕಡೆಗಿದ್ದರೆ ಫಸ್ಟ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್. ಡ್ರೈವರ್ ಬಾಗಿಲನ್ನು ಎಡಗೈಯಲ್ಲಿ ತೆಗೆಯಿರಿ. ಎಡಗೈ ಚಾಚಿದರೆ ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಹಿಂದಿನಿಂದ ಬರುವ ಬೈಕ್ ಕಣ್ಣಿಗೆ ಬೀಳುತ್ತದೆ. ಈ ಒಂದು ರೂಢಿ ಬಾಗಿಲಿಗೆ ಬಂದು ಬಡಿಯುವ ಎಷ್ಟೋ ಬೈಕಿನವರನ್ನು ಉಳಿಸುತ್ತದೆ.

ರಿವರ್ಸ್ ತೆಗೆಯುವಾಗ ಕ್ಯಾಮೆರಾ ಒಂದನ್ನೇ ನಂಬಬೇಡಿ. ಅದು ಹಿಂದೆ ಇರುವುದನ್ನು ತೋರಿಸುತ್ತದೆ, ಪಕ್ಕದಿಂದ ಓಡಿ ಬರುವ ಮಗುವನ್ನಲ್ಲ. ಹಾಫ್ ಕ್ಲಚ್‌ನಲ್ಲಿ, ನಡೆಯುವ ವೇಗಕ್ಕಿಂತ ನಿಧಾನವಾಗಿ, ತಲೆ ತಿರುಗಿಸಿ ನೋಡುತ್ತ ಬನ್ನಿ. ಅಂದಾಜು ಸಿಗದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು ಇಳಿದು ನೋಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ತಾಗಿಬಿಟ್ಟರೆ

ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಇಳಿದು ಮೊದಲು ಎದುರಿನವರಿಗೆ ಪೆಟ್ಟಾಗಿದೆಯೇ ಕೇಳಿ. ಪೆಟ್ಟಾಗಿದ್ದರೆ 108ಕ್ಕೆ, ಪೊಲೀಸರಿಗೆ 112ಕ್ಕೆ ಕರೆ. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು, ಇನ್ಶೂರೆನ್ಸ್ ಕಂಪನಿಗೆ ವಿವರ ಕೊಡುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕರ ಕರ್ತವ್ಯ. ಜನ ಸೇರಿ ಕೈಮಾಡುವ ಹಾಗಿದ್ದರೆ ಅಲ್ಲಿ ನಿಲ್ಲದೆ ನೇರ ಹತ್ತಿರದ ಠಾಣೆಗೆ ಹೋಗಿ. ಜನರ ಆಕ್ರೋಶವನ್ನು ಆ ಕಲಮೇ ಗಮನಕ್ಕೆ ತೆಗೆದುಕೊಂಡಿದೆ. ಓಡಿಹೋಗಿ ಸುಮ್ಮನಿರುವುದು ಮಾತ್ರ ಕೂಡದು. ಬರೀ ಗೀರಾಗಿದ್ದರೆ ಎರಡೂ ಗಾಡಿಯ ನಂಬರ್ ಕಾಣುವಂತೆ ಫೋಟೋ ತೆಗೆದುಕೊಂಡು, ಗಾಡಿಗಳನ್ನು ಬದಿಗೆ ಸರಿಸಿ, ಆಮೇಲೆ ಮಾತಾಡಿ.

ಹೆದ್ದಾರಿ

ಊರೊಳಗೆ ಗಾಡಿ ಆಫ್ ಆಗುವುದು ನಿಂತ ಮೇಲೆ, ಎಡಗನ್ನಡಿ ನೋಡಲು ನೆನಪು ಮಾಡಿಕೊಳ್ಳಬೇಕಾಗಿಲ್ಲ ಅನ್ನಿಸಿದ ಮೇಲೆ 48ನೇ ರಾಷ್ಟ್ರೀಯ ಹೆದ್ದಾರಿ. ಮೊದಲು ಸರ್ವಿಸ್ ರಸ್ತೆಯಲ್ಲಿ ಫೋರ್ತ್ ಗೇರಿನವರೆಗೆ ಓಡಿಸಿ ಅಭ್ಯಾಸ ಆಗಲಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದಲೂ ಬೈಕು, ಟ್ರ್ಯಾಕ್ಟರ್ ಬರುತ್ತವೆ, ಅದು ತಪ್ಪೇ ಆದರೂ ಬರುತ್ತವೆ.

ಹೆದ್ದಾರಿಗೆ ಸೇರುವಾಗ ಬಲ ಇಂಡಿಕೇಟರ್ ಹಾಕಿ, ಬಲಗನ್ನಡಿಯಲ್ಲಿ ಸಂದು ಆರಿಸಿಕೊಂಡು, ಸೇರುವ ಪಟ್ಟಿಯಲ್ಲೇ 60ರ ತನಕ ವೇಗ ಏರಿಸಿ ಸೇರಿ. ಪಟ್ಟಿಯ ಕೊನೆಯಲ್ಲಿ ನಿಂತುಬಿಟ್ಟರೆ ಸೊನ್ನೆಯಿಂದ 80ರ ಓಟಕ್ಕೆ ನುಗ್ಗಬೇಕಾಗುತ್ತದೆ, ಅದೇ ಅಪಾಯ. ಸಂದು ಸಿಗದಿದ್ದರೆ ಪಟ್ಟಿಯ ಶುರುವಿನಲ್ಲೇ ಕಾಯಿರಿ, ಓಡಿ ಬರಲು ದೂರ ಉಳಿಯುತ್ತದೆ. ಎಡ ಲೇನಿನಲ್ಲಿ 60ರಿಂದ 70ರಲ್ಲಿ ಹೋಗಿ, ಕಣ್ಣು ಇನ್ನೂರು ಮೀಟರ್ ಮುಂದೆ ಇರಲಿ. ಅಂಚಿನಲ್ಲಿ ಕೆಟ್ಟು ನಿಂತ ಲಾರಿ ಕಂಡರೆ ಹತ್ತಿರ ಹೋಗುವ ಮೊದಲೇ ಲೇನ್ ಬದಲಿಸಿ. ಲಾರಿಯ ಕನ್ನಡಿಯಲ್ಲಿ ಡ್ರೈವರಿನ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ. ಪಕ್ಕದಲ್ಲೇ ಓಡುತ್ತ ಇರಬೇಡಿ, ದಾಟಿ ಅಥವಾ ಹಿಂದೆ ಉಳಿಯಿರಿ. ಚಿತ್ರದುರ್ಗದ ಕಡೆ ಗಾಳಿಗಿರಣಿಗಳ ಗುಡ್ಡ ಕಾಣುವ ಬಯಲಿನಲ್ಲಿ ಅಡ್ಡಗಾಳಿ ಇರುತ್ತದೆ. ಲಾರಿಯ ಮರೆಯಿಂದ ಹೊರಬರುತ್ತಿದ್ದಂತೆ ಸಣ್ಣ ಕಾರು ಒಂದು ಪಕ್ಕಕ್ಕೆ ಜಗ್ಗುತ್ತದೆ. ಸ್ಟೇರಿಂಗ್ ಎರಡೂ ಕೈಯಲ್ಲಿ ಹಿಡಿದಿದ್ದರೆ ಸಾಕು, ಎದುರು ತಿರುಗಿಸಿ ಜಗಳ ಆಡಬೇಡಿ.

ಇಳಿಯುವ ದಾರಿ ತಪ್ಪಿದರೆ ಒಂದಡಿಯೂ ಹಿಂದಕ್ಕೆ ಬರಬೇಡಿ. ಮುಂದಿನ ಅಂಡರ್‌ಪಾಸಿನಲ್ಲಿ ತಿರುಗಿ ಬನ್ನಿ, ಐದಾರು ಕಿ.ಮೀ. ಹೆಚ್ಚಾದರೂ ಸರಿ. ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ., ದಾರಿಯಲ್ಲಿ ಹೆಬ್ಬಾಳು ಟೋಲ್ ಬರುತ್ತದೆ. ಫಾಸ್ಟ್‌ಟ್ಯಾಗಿನಲ್ಲಿ ದುಡ್ಡಿದೆಯೇ ಮನೆಯಲ್ಲೇ ನೋಡಿಕೊಂಡು ಹೊರಡಿ, ಟೋಲಿನ ಸಾಲಿನಲ್ಲಿ ಫೋನ್ ತೆಗೆಯುವಂತಾಗಬಾರದು. ನೂರು ಮೀಟರ್ ಮುಂಚೆಯೇ ಸಾಲು ಆರಿಸಿಕೊಂಡು ಅದರಲ್ಲೇ ಇರಿ. ಕೊನೇ ಗಳಿಗೆಯಲ್ಲಿ ಪಕ್ಕದ ಸಾಲಿಗೆ ಮೂತಿ ಹಾಕಿದಾಗಲೇ ಲಾರಿಯ ಬಂಪರ್ ತಾಗುವುದು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಎಡ ಅಂಚಿಗೆ ತಂದು, ಹಜಾರ್ಡ್ ಹಾಕಿ, ಎಲ್ಲರೂ ಎಡ ಬಾಗಿಲಿನಿಂದ ಇಳಿದು ಎಡಬದಿಯಲ್ಲೇ ರಸ್ತೆಯಿಂದ ಹೊರಗೆ ನಿಂತು, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ.